ನೆತ್ತಿಯ ಸೂರ್ಯ, ಮಿರಗದ ಮಳೆ: ಧಾರವಾಡದ ಅಂಗಳದಲ್ಲಿ ನಿಂತು ಋತುಗಳ ಲೆಕ್ಕ

ಜನವರಿ ಮೊದಲ ವಾರದ ಒಂದು ನಸುಕು. ಧಾರವಾಡದ ನಮ್ಮ ಮನೆಯ ಹಿತ್ತಲಲ್ಲಿ ಹಂಡೆಯ ಒಲೆ ಮುಂದೆ ಕೈ ಕಾಸಿಕೊಳ್ಳುತ್ತ ಕೂತಿದ್ದೆ. ಆರನೇ ಇಯತ್ತೆಯಲ್ಲಿ ಓದುವ ಅಣ್ಣನ ಮಗಳು ಚಾದರ ಹೊದ್ದುಕೊಂಡೇ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

“ಕಾಕಾ, ಸೂರ್ಯ ಈಗ ಭಾಳ ದೂರ ಹೋಗ್ಯಾನಲ್ಲ, ಅದಕ್ಕ ಇಷ್ಟು ಥಂಡಿ, ಹೌದಲ್ಲ?”

“ಇಲ್ಲವಾ. ವರ್ಷದಾಗ ಎಲ್ಲಾಕ್ಕಿಂತ ಹತ್ರ ಇರೋದು ಈ ವಾರದಾಗನ.”

ಅವಳು ನಂಬಲಿಲ್ಲ. ನಂಬದಿದ್ದದ್ದು ಸರಿಯೇ. ಒಲೆಯ ಹತ್ತಿರ ಸರಿದರೆ ಬಿಸಿ, ದೂರ ಸರಿದರೆ ಥಂಡಿ ಎಂಬುದು ಆ ಹೊತ್ತಿನಲ್ಲಿ ಅವಳ ಅಂಗೈಗೇ ಗೊತ್ತಾಗುತ್ತಿತ್ತು. ಆದರೆ ಲೆಕ್ಕ ಬೇರೆ ಹೇಳುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ತುಸು ಅಂಡಾಕಾರ. ಜನವರಿ 3–4ರ ಸುಮಾರಿಗೆ ನಾವು ಸೂರ್ಯನಿಂದ 14.71 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತೇವೆ, ಜುಲೈ ಮೊದಲ ವಾರದಲ್ಲಿ 15.21 ಕೋಟಿ. ಅಂದರೆ ನಾವು ಸ್ವೆಟರ್ ಹಾಕುವ ಹೊತ್ತಿಗೆ ಸೂರ್ಯ ಐವತ್ತು ಲಕ್ಷ ಕಿಲೋಮೀಟರ್ ಹತ್ತಿರ. ಜುಲೈಗೆ ಹೋಲಿಸಿದರೆ ಇಡೀ ಭೂಮಿಗೆ ಆಗ ಸುಮಾರು ಶೇ. 7ರಷ್ಟು ಹೆಚ್ಚು ಬಿಸಿಲು ಸಿಗುತ್ತಿರುತ್ತದೆ. ಥಂಡಿಗೆ ದೂರ ಕಾರಣವಾಗಿದ್ದರೆ ಜನವರಿಯಲ್ಲಿ ಇಡೀ ಲೋಕವೇ ಬೆವರಬೇಕಿತ್ತು.

ಇನ್ನೊಂದು ಸಾಕ್ಷಿ ಅವಳಿಗೇ ಗೊತ್ತಿತ್ತು. ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋದ ವರ್ಷ ಡಿಸೆಂಬರ್ 26ಕ್ಕೆ ಮೆಲ್ಬರ್ನ್‌ನಲ್ಲಿ ಟೆಸ್ಟ್ ಪಂದ್ಯ ಶುರುವಾಗುತ್ತದೆ. ಇಲ್ಲಿ ನಾವು ಬೆಳಗಿನ ಐದಕ್ಕೆ ಎದ್ದು ಚಹಾದ ಕಪ್ಪು ಹಿಡಿದು ಟಿವಿ ಮುಂದೆ ಮುದುಡಿ ಕೂತಿದ್ದರೆ, ಅಲ್ಲಿ ಜನ ಟೊಪ್ಪಿಗೆ ಹಾಕಿಕೊಂಡು, ಮೈಗೆ ಕ್ರೀಮ್ ಹಚ್ಚಿಕೊಂಡು ಬಿಸಿಲಲ್ಲಿ ಕೂತಿರುತ್ತಾರೆ. ಅವರಿಗದು ನಡುಬೇಸಿಗೆ. ಒಂದೇ ಭೂಮಿ, ಒಂದೇ ದಿನ, ಸೂರ್ಯನಿಂದ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಒಂದು ಕಡೆ ಚಾದರ, ಇನ್ನೊಂದು ಕಡೆ ಸೆಕೆ. ಕಾರಣ ದೂರದಲ್ಲಿಲ್ಲ, ವಾಲಿಕೆಯಲ್ಲಿದೆ.

ವಾಲಿದ ಬುಗರಿ

ಬುಗರಿ ಆಡಿದವರಿಗೆ ಇದನ್ನು ಹೇಳುವುದು ಸುಲಭ. ಜೋರಾಗಿ ತಿರುಗುವ ಬುಗರಿ ಒಮ್ಮೊಮ್ಮೆ ನೆಟ್ಟಗೆ ನಿಲ್ಲದೆ ತುಸು ವಾಲಿಕೊಂಡೇ ತಿರುಗುತ್ತದೆ. ವಾಲಿದರೂ ಬೀಳುವುದಿಲ್ಲ. ಭೂಮಿಯೂ ಅಂಥದ್ದೇ. ಅದು ಸೂರ್ಯನನ್ನು ಸುತ್ತುವ ದಾರಿಯನ್ನು ಒಂದು ಸಾರಿಸಿದ ಅಂಗಳ ಎಂದುಕೊಂಡರೆ, ಭೂಮಿಯ ಅಚ್ಚು ಆ ಅಂಗಳಕ್ಕೆ ನೆಟ್ಟಗಿಲ್ಲ, 23.4 ಡಿಗ್ರಿಯಷ್ಟು ವಾಲಿದೆ. ಆ ಅಚ್ಚಿನ ಉತ್ತರದ ತುದಿ ವರ್ಷವಿಡೀ ಆಕಾಶದ ಒಂದೇ ಕಡೆಗೆ, ನಾವು ಧ್ರುವನಕ್ಷತ್ರ ಎನ್ನುವ ಚುಕ್ಕಿಯ ಕಡೆಗೆ, ಮುಖ ಮಾಡಿರುತ್ತದೆ.

ಒಂದೇ ಕಡೆಗೆ ಎಂಬ ಮಾತನ್ನು ಬಿಟ್ಟರೆ ಮುಂದಿನದೇನೂ ಅರ್ಥವಾಗುವುದಿಲ್ಲ. ಅವತ್ತು ಸಂಜೆ ಪಡಸಾಲೆಯ ನಡುವೆ ಒಂದು ದೀಪ ಇಟ್ಟು, ಲಿಂಬಿಹಣ್ಣಿಗೆ ಉದ್ದ ಕಡ್ಡಿ ಚುಚ್ಚಿ ಅವಳ ಕೈಗೆ ಕೊಟ್ಟೆ. “ಕಡ್ಡಿ ತುದಿ ಯಾವಾಗ್ಲೂ ಆ ಉತ್ತರದ ಕಿಡಕಿ ಕಡೆನ ವಾಲಿರಬೇಕು ನೋಡ. ನೀ ಎಲ್ಲೇ ನಿಂತ್ರೂ ಕಿಡಕಿ ಬಿಡಬ್ಯಾಡ.” ಮೊದಲ ಸುತ್ತಿನಲ್ಲಿ ಅವಳು ಕಡ್ಡಿಯನ್ನು ದೀಪದ ಕಡೆಗೇ ವಾಲಿಸುತ್ತ ಹೋದಳು. ಹಾಗೆ ಮಾಡಿದರೆ ಲಿಂಬಿಹಣ್ಣಿನ ಮೇಲಿನ ಅರ್ಧಕ್ಕೆ ವರ್ಷವಿಡೀ ಬೇಸಿಗೆ. ಎರಡನೇ ಸುತ್ತಿನಲ್ಲಿ ಕಿಟಕಿ ಬಿಡಲಿಲ್ಲ. ದೀಪದ ಆ ಕಡೆ ನಿಂತಾಗ ಹಣ್ಣಿನ ಮೇಲ್ಭಾಗ ಬೆಳಕಿಗೆ ತಲೆ ಬಾಗಿಸಿತು, ಕಿಟಕಿಯ ಕಡೆಗೆ ಬಂದಾಗ ಅದೇ ಮೇಲ್ಭಾಗ ಬೆಳಕಿಗೆ ಬೆನ್ನು ಕೊಟ್ಟಿತು. ಹಣ್ಣು ಒಮ್ಮೆಯೂ ಅಲುಗದೆ, ವಾಲಿಕೆ ಬದಲಾಗದೆ, ಬರೀ ಸುತ್ತು ಬಂದದ್ದರಿಂದಲೇ ಬೇಸಿಗೆ ಚಳಿಗಾಲಗಳು ಹುಟ್ಟಿದವು. ಅವಳು ಅದನ್ನು ಮತ್ತೆ ನಾಲ್ಕು ಸಲ ಮಾಡಿ ನೋಡಿದಳು.

ಇಲ್ಲಿ ಬಹಳ ಜನ ಇನ್ನೊಂದು ಕಡೆ ಎಡವುತ್ತಾರೆ. ಸೂರ್ಯನ ಕಡೆ ವಾಲಿದ ಭಾಗ ಸೂರ್ಯನಿಗೆ ಹತ್ತಿರವಾಗುತ್ತದೆ, ಅದಕ್ಕೇ ಅಲ್ಲಿ ಬಿಸಿ ಎಂದುಕೊಳ್ಳುತ್ತಾರೆ. ಭೂಮಿಯ ಅಡ್ಡಗಲವೇ 12,700 ಕಿಲೋಮೀಟರ್ ಚಿಲ್ಲರೆ. ಹದಿನೈದು ಕೋಟಿಯಲ್ಲಿ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ವಾಲಿಕೆಯಿಂದ ಬದಲಾಗುವುದು ಎರಡೇ ಸಂಗತಿ: ಬಿಸಿಲು ನೆಲಕ್ಕೆ ಬೀಳುವ ಓರೆ, ಮತ್ತು ಹಗಲಿನ ಉದ್ದ.

ಓರೆಯ ಮಾತನ್ನು ಕೂರಿಗೆಯಿಂದ ಹೇಳಬಹುದು. ಒಂದು ಎಕರೆಗೆಂದು ತಂದ ಬೀಜವನ್ನೇ ಒಂದೂಕಾಲು ಎಕರೆಗೆ ಬಿತ್ತಿದರೆ ಬೆಳೆ ತೆಳ್ಳಗೆ ಬೀಳುತ್ತದೆ. ಬೀಜ ಅಷ್ಟೇ, ಹರವು ಹೆಚ್ಚು. ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ಒಂದು ಎಕರೆಗೆ ಬೀಳುತ್ತದೆ ಎಂದುಕೊಳ್ಳಿ. ಡಿಸೆಂಬರ್ 21ರ ನಡುಮಧ್ಯಾಹ್ನ ಧಾರವಾಡದಲ್ಲಿ ಸೂರ್ಯ ದಿಗಂತದಿಂದ 51 ಡಿಗ್ರಿ ಮೇಲಷ್ಟೇ ಬರುತ್ತಾನೆ. ಆಗ ಅದೇ ಬೆಳಕು ಒಂದೂಕಾಲು ಎಕರೆಗಿಂತ ತುಸು ಹೆಚ್ಚು ನೆಲಕ್ಕೆ ಹರಡುತ್ತದೆ. ನೆಲಕ್ಕೆ ಸಿಗುವ ಬಿಸಿಲು ಅಷ್ಟರಮಟ್ಟಿಗೆ ತೆಳುವಾಗುತ್ತದೆ.

ಹಗಲಿನ ಉದ್ದದ ಮಾತು ಬೇಗ ಮುಗಿಯುತ್ತದೆ. ನಮ್ಮಲ್ಲಿ ಜೂನ್ 21ಕ್ಕೆ ಹಗಲು ಸುಮಾರು 13 ತಾಸು, ಡಿಸೆಂಬರ್ 21ಕ್ಕೆ 11 ತಾಸಿನ ಮೇಲೆ ಹತ್ತು ಹನ್ನೆರಡು ನಿಮಿಷ. ಎರಡು ತಾಸಿಗೂ ಕಡಿಮೆ ವ್ಯತ್ಯಾಸ. ಲಂಡನ್ನಿನಲ್ಲಿ ಜೂನ್ ಹಗಲು ಹದಿನಾರೂವರೆ ತಾಸು, ಡಿಸೆಂಬರಿನದು ಎಂಟು ತಾಸೂ ತುಂಬುವುದಿಲ್ಲ.

ಒನಕೆಯ ನೆರಳು

ಪುಸ್ತಕದ ಚಿತ್ರಕ್ಕಿಂತ ಅಂಗಳದ ನೆರಳು ಹೆಚ್ಚು ಕಲಿಸುತ್ತದೆ ಎಂದು ನನ್ನ ನಂಬಿಕೆ. ಅದಕ್ಕೇ ಆ ವರ್ಷ ನಾವು ಒಂದು ಕೆಲಸ ಹಚ್ಚಿಕೊಂಡೆವು. ಅಟ್ಟದ ಮೇಲಿದ್ದ ಐದು ಫೂಟಿನ ಹಳೆಯ ಒನಕೆಯನ್ನು ಇಳಿಸಿ, ಅಂಗಳದ ಫರಸಿಯ ಮೇಲೆ ನೆಟ್ಟಗೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ವಾಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನಡುಮಧ್ಯಾಹ್ನದ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಗ್ರಹಣದ ದಿನ ನೀರಿನ ತಾಟಿನಲ್ಲಿ ಒನಕೆ ನಿಲ್ಲಿಸುವ ರೂಢಿ ನಮ್ಮ ಕಡೆ ಮೊದಲಿನಿಂದ ಇದೆ. ಹೀಗಾಗಿ ಅಂಗಳದಲ್ಲಿ ಒನಕೆ ನಿಂತದ್ದು ನೋಡಿ ಓಣಿಯವರು ಮೊದಲು ಕೇಳಿದ್ದು, “ಇವತ್ತ ಗ್ರಹಣ ಐತೇನ್ರಿ?” ಎಂದೇ.

ನಡುಮಧ್ಯಾಹ್ನ ಎಂದರೆ ಗಡಿಯಾರದ ಹನ್ನೆರಡಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಧಾರವಾಡ ಇರುವುದು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಅರ್ಧ ತಾಸು ತಡ. ಆದ್ದರಿಂದ ನೆರಳು ಅತಿ ಗಿಡ್ಡವಾಗುವುದು ಹನ್ನೆರಡೂವರೆಯ ಆಚೀಚೆ, ಋತುವಿಗೆ ತಕ್ಕಂತೆ ಹತ್ತು ಹದಿನೈದು ನಿಮಿಷ ಹಿಂದೆಮುಂದೆ.

ಡಿಸೆಂಬರ್ 21ಕ್ಕೆ ಐದು ಫೂಟಿನ ಒನಕೆಗೆ ನಾಲ್ಕು ಫೂಟಿನ ನೆರಳು, ಉತ್ತರದ ಕಡೆಗೆ. ಮಾರ್ಚ್ 21ಕ್ಕೆ ಅದು ಹದಿನಾರೂವರೆ ಇಂಚಿಗೆ ಇಳಿಯುತ್ತದೆ. ಆಮೇಲೆ ದಿನದಿನಕ್ಕೆ ಗಿಡ್ಡವಾಗುತ್ತ, ಮೇ 1–2ರ ಸುಮಾರಿಗೆ ಒನಕೆಯ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಇದನ್ನೇ ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಧಾರವಾಡ, ಹುಬ್ಬಳ್ಳಿ, ಗದಗ ಮೂರೂ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ, ಹೀಗಾಗಿ ಮೂರಕ್ಕೂ ಈ ದಿನ ಒಂದೇ. ಹಾವೇರಿ ತುಸು ದಕ್ಷಿಣಕ್ಕಿರುವುದರಿಂದ ಅಲ್ಲಿ ಒಂದೆರಡು ದಿನ ಮೊದಲೇ.

ಮುಂದಿನದು ಅವಳಿಗೆ ಮಾತ್ರವಲ್ಲ, ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ ತಂದಿತು. ಮೇ ಮೊದಲ ವಾರ ದಾಟಿದ ಮೇಲೆ ನೆರಳು ದಕ್ಷಿಣಕ್ಕೆ ಬೀಳತೊಡಗಿತು! ಅಂದರೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದ. ಜೂನ್ 21ಕ್ಕೆ ಅವನು ನೆತ್ತಿಯಿಂದ 8 ಡಿಗ್ರಿ ಉತ್ತರದಲ್ಲಿರುತ್ತಾನೆ, ಒನಕೆಗೆ ಎಂಟು ಇಂಚಿನಷ್ಟು ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅಲ್ಲಿಂದ ತಿರುಗಿ ಬರುತ್ತ ಆಗಸ್ಟ್ 10–11ರ ಸುಮಾರಿಗೆ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ. ಆ ದಿನ ಮೋಡವಿದ್ದು ನಮಗೆ ನೆರಳೇ ಸಿಗಲಿಲ್ಲ. ಈ ಕಡೆ ಆಗಸ್ಟಿನಲ್ಲಿ ಹೆಚ್ಚಾಗಿ ಹಾಗೆಯೇ ಆಗುತ್ತದೆ.

ಅವ್ವ ಮಾತ್ರ ಆಶ್ಚರ್ಯಪಡಲಿಲ್ಲ. ನಮ್ಮ ಮನೆ ಉತ್ತರಕ್ಕೆ ಮುಖ ಮಾಡಿದ್ದು. “ಚಳಿಗಾಲದಾಗ ಹೊಚ್ಚಲಕ್ಕ ಬಿಸಲ ಬೀಳಂಗಿಲ್ಲ, ಹಿತ್ತಲದಾಗನ ಒಣಗಿ ಹಾಕಬೇಕು. ಶ್ಯಾಂಡಗಿ ಹಾಕೂ ಹೊತ್ತಿಗೆ ಹೊಚ್ಚಲತನಾ ಬಿಸಲ ಬರತೈತಿ. ನನಗ ಗೊತ್ತಿಲ್ಲೇನು?” ಎಂದಳು. ನಲವತ್ತು ವರ್ಷ ಹಪ್ಪಳ ಶಂಡಿಗೆ ಒಣಗಿಸಿದವರಿಗೆ ಉತ್ತರಾಯಣ ದಕ್ಷಿಣಾಯನಗಳು ಮನೆಯ ಮುಂದೆ ಹಿಂದೆ ಓಡಾಡುವ ಬಿಸಿಲಾಗಿ ಗೊತ್ತಿರುತ್ತವೆ. ಬೆಳಿಗ್ಗೆ ಮಾಳಿಗೆ ಮೇಲೆ ನಿಂತು ನೋಡಿದರೂ ಇದು ಕಾಣುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವ ಜಾಗಕ್ಕೂ ಜೂನ್‌ನಲ್ಲಿ ಹುಟ್ಟುವ ಜಾಗಕ್ಕೂ ಸುಮಾರು 49 ಡಿಗ್ರಿ ಅಂತರ. ಕೈಚಾಚಿ ಮುಷ್ಟಿ ಹಿಡಿದರೆ ಹೆಚ್ಚುಕಡಿಮೆ ಐದು ಮುಷ್ಟಿ ಅಗಲ.

ಹಾಗಾದರೆ ಜುಲೈ ಯಾಕೆ ತಂಪು?

ಪಾಠಪುಸ್ತಕದ ಚಿತ್ರ ಇಲ್ಲಿಗೆ ನಿಲ್ಲುತ್ತದೆ. ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆ ವಾಲಿದೆ, ಆದ್ದರಿಂದ ಬೇಸಿಗೆ. ಡಿಸೆಂಬರಿನಲ್ಲಿ ಆಚೆ ವಾಲಿದೆ, ಆದ್ದರಿಂದ ಚಳಿಗಾಲ. ಲಂಡನ್ನಿಗೆ ಇದು ಸಾಕು. ಅಲ್ಲಿ ಮೋಡವನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ ಜೂನ್‌ನ ಒಂದು ದಿನದ ಬಿಸಿಲು ಡಿಸೆಂಬರಿನ ಒಂದು ದಿನದ ಬಿಸಿಲಿಗಿಂತ ಆರು ಪಟ್ಟು. ಆದರೆ ಹುಬ್ಬಳ್ಳಿಯ ಹುಡುಗ ಇದನ್ನು ಓದಿ ಕಿಟಕಿಯಾಚೆ ನೋಡಿದರೆ ಏನು ಕಾಣುತ್ತದೆ? ಜೂನ್ ಕೊನೆಗೆ ಜಿಟಿಜಿಟಿ ಮಳೆ, ಒಣಗದ ಯೂನಿಫಾರ್ಮು, ಉಣಕಲ್ ಕೆರೆಯ ಮೇಲೆ ಬೂದುಬಣ್ಣದ ಮೋಡ. ಸುಡುಬಿಸಿಲು ಏಪ್ರಿಲ್‌ನಲ್ಲೇ ಬಂದು ಹೋಗಿರುತ್ತದೆ. ಪುಸ್ತಕ ಸುಳ್ಳಲ್ಲ, ಆದರೆ ನಮ್ಮ ಊರಿನ ಕತೆಯನ್ನು ಅರ್ಧಕ್ಕೇ ಬಿಟ್ಟಿದೆ. ಮಕ್ಕಳಿಗೆ ಉಳಿದರ್ಧವನ್ನು ಹೇಳದೆ ಹೋದರೆ ವಿಜ್ಞಾನ ಬೇರೆ ಯಾವುದೋ ದೇಶದ್ದು ಎಂಬ ಭಾವನೆ ಅವರಲ್ಲಿ ಕೂತುಬಿಡುತ್ತದೆ ಎಂಬುದು ನನ್ನ ಕಳವಳ.

ಮೋಡವೇ ಇಲ್ಲವೆಂದು ಲೆಕ್ಕ ಹಾಕೋಣ. ಆಗ ಧಾರವಾಡಕ್ಕೆ ಜೂನ್‌ನ ಒಂದು ದಿನ ಡಿಸೆಂಬರಿನ ಒಂದು ದಿನಕ್ಕಿಂತ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಬಿಸಿಲು ಸಿಗುತ್ತದೆ, ಅಷ್ಟೇ. ಅದಕ್ಕಿಂತ ಮುಖ್ಯ ಸಂಗತಿ ಎಂದರೆ, ಮೇ ಆರಂಭದಿಂದ ಆಗಸ್ಟ್ ಮಧ್ಯದವರೆಗೆ, ಸೂರ್ಯ ನೆತ್ತಿಯ ಆಸುಪಾಸಿನಲ್ಲೇ ಓಡಾಡುವ ಆ ನೂರು ದಿನ, ದಿನದ ಬಿಸಿಲು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಸೂರ್ಯನ ಲೆಕ್ಕ ಒಂದನ್ನೇ ನಂಬಿದರೆ ನಮ್ಮ ಬ್ಯಾಸಗಿ ಆಗಸ್ಟ್ ತನಕ ಎಳೆಯಬೇಕಿತ್ತು. ಎಳೆಯುವುದಿಲ್ಲ. ಜೂನ್‌ನಲ್ಲಿ ಬರುವ ಮೋಡ ಆ ಬಿಸಿಲನ್ನು ಮೇಲೆಯೇ ತಡೆಯುತ್ತದೆ. ನೆಲ ತಲುಪಿದ ಬಿಸಿಲಿನ ದೊಡ್ಡ ಪಾಲು ಹಸಿನೆಲದ ನೀರನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ. ನಮ್ಮ ಬೇಸಿಗೆಯನ್ನು ನಡುವೆಯೇ ಕಡಿಯುವುದು ಮಳೆ.

ಆ ಮಳೆಯನ್ನು ಕರೆತರುವುದೂ ಅದೇ 23.4 ಡಿಗ್ರಿಯ ವಾಲಿಕೆ. ಹೇಗೆಂದರೆ ಹೀಗೆ.

ಮಾರ್ಚ್ 21ರ ಸುಮಾರಿಗೆ ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಉತ್ತರಕ್ಕೆ ಸರಿಯುತ್ತ ಏಪ್ರಿಲ್ ಮೇ ತಿಂಗಳಲ್ಲಿ ಭಾರತದ ನೆಲವನ್ನು ದಕ್ಷಿಣದಿಂದ ಉತ್ತರಕ್ಕೆ ಕಾಸುತ್ತ ಹೋಗುತ್ತಾನೆ. ನೆಲ ಬೇಗ ಕಾಯುತ್ತದೆ, ನೀರು ತಡವಾಗಿ. ಒಣಮಣ್ಣಿಗಿಂತ ನೀರನ್ನು ಅಷ್ಟೇ ಬಿಸಿ ಮಾಡಲು ನಾಲ್ಕೈದು ಪಟ್ಟು ಶಾಖ ಬೇಕು. ಜೊತೆಗೆ ಸಮುದ್ರದ ನೀರು ಮೇಲೆಕೆಳಗೆ ಕಲೆಯುತ್ತ ಆ ಶಾಖವನ್ನು ಆಳಕ್ಕೂ ಹಂಚುತ್ತದೆ. ಮೇ ಮಧ್ಯಾಹ್ನ ಉಣಕಲ್ ಕೆರೆಯ ದಂಡೆಯ ಡಾಂಬರ್ ರಸ್ತೆಯಲ್ಲಿ ಬರಿಗಾಲು ಇಡಲಾಗದು, ಹತ್ತು ಹೆಜ್ಜೆ ಆಚೆಯ ನೀರು ತಂಪಾಗಿಯೇ ಇರುತ್ತದೆ. ಅರಬ್ಬಿ ಸಮುದ್ರಕ್ಕೂ ನಮ್ಮ ನೆಲಕ್ಕೂ ಇರುವ ನಂಟು ಇದೇ.

ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ರಾಜಸ್ಥಾನ ಮತ್ತು ಪಾಕಿಸ್ತಾನದ ಮರುಭೂಮಿಯ ಸುತ್ತ ಗಾಳಿಯ ಒತ್ತಡ ಕುಸಿಯುತ್ತದೆ, ಎತ್ತರದ ಟಿಬೆಟ್ ಪ್ರಸ್ಥಭೂಮಿಯೂ ಕಾದು ಕೂರುತ್ತದೆ. ಇನ್ನೊಂದು ಕಡೆ, ಭೂಮಧ್ಯರೇಖೆಯ ಸುತ್ತ ಯಾವಾಗಲೂ ಇರುವ ಮಳೆಮೋಡಗಳ ಪಟ್ಟಿಯೊಂದು ಸೂರ್ಯನ ಬೆನ್ನು ಹತ್ತಿ ಉತ್ತರಕ್ಕೆ ಸರಿದು ಭಾರತದ ಮೇಲೆ ಬರುತ್ತದೆ. ದಕ್ಷಿಣ ಗೋಳಾರ್ಧದ ಗಾಳಿ ಈ ಕಡೆ ಎಳೆಯಲ್ಪಟ್ಟು ಭೂಮಧ್ಯರೇಖೆ ದಾಟುತ್ತದೆ. ದಾಟಿದ ಕೂಡಲೇ ಭೂಮಿ ತಿರುಗುವುದರ ಪರಿಣಾಮವಾಗಿ ಅದರ ದಾರಿ ಬಲಕ್ಕೆ ಬಾಗುತ್ತದೆ. ಸೋಮಾಲಿಯಾದ ಕರಾವಳಿಯ ಪಕ್ಕದಲ್ಲಿ ರಭಸ ಹಿಡಿದು, ಅರಬ್ಬಿ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ನೀರಾವಿ ಹೀರುತ್ತ, ನೈಋತ್ಯದ ಕಡೆಯಿಂದ ನಮ್ಮ ಕರಾವಳಿಗೆ ಬಂದು ಬಡಿಯುತ್ತದೆ. ಇದೇ ಮುಂಗಾರು. ಕೇರಳಕ್ಕೆ ಅದು ಮುಟ್ಟುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಕೆಲವೇ ದಿನಗಳಲ್ಲಿ ನಮ್ಮ ಕಡೆ.

ಆ ಹೊತ್ತಿಗೆ ಸರಿಯಾಗಿ ಅಡ್ಡಮಳೆಯ ಅಬ್ಬರ ಮುಗಿದಿರುತ್ತದೆ. ಏಪ್ರಿಲ್ ಮೇ ಸಂಜೆಗಳಲ್ಲಿ ಗುಡುಗು ಸಿಡಿಲು ಆಣೆಕಲ್ಲು ತರುವ ಆ ಮಳೆ, ಹಗಲಿಡೀ ಕಾದ ನೆಲದಿಂದ ಮೇಲೆದ್ದ ಗಾಳಿ ತಣಿದು ಅಲ್ಲೇ ಸುರಿಸುವಂಥದ್ದು. ಒಂದು ಊರಿಗೆ ಬಿದ್ದರೆ ಪಕ್ಕದ ಊರಿಗಿಲ್ಲ. ಮುಂಗಾರು ಹಾಗಲ್ಲ. ಅದು ಗಾಳಿಯ ದಿಕ್ಕೇ ಬದಲಾದದ್ದು.

ಆ ಗಾಳಿ ಪಶ್ಚಿಮಘಟ್ಟ ಹತ್ತುವಾಗ ತಣಿದು ಹೊತ್ತ ನೀರಿನ ಬಹುಪಾಲನ್ನು ಅಲ್ಲೇ ಇಳಿಸಿಬಿಡುತ್ತದೆ. ಘಟ್ಟ ದಾಟಿ ಬರುವ ಗಾಳಿಯಲ್ಲಿ ಉಳಿದದ್ದು ನಮ್ಮ ಪಾಲು. ಈ ಹಂಚಿಕೆಯನ್ನು ನೋಡಲು ನಮ್ಮ ಜಿಲ್ಲೆಗಳಿಗಿಂತ ಒಳ್ಳೆಯ ಜಾಗವಿಲ್ಲ. ಅಳ್ನಾವರ, ಕಲಘಟಗಿಯ ಕಡೆ ಭತ್ತದ ಗದ್ದೆ, ಹಸಿರು ಕಾಡು. ಧಾರವಾಡ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲು. ಹುಬ್ಬಳ್ಳಿ ದಾಟಿ ಅಣ್ಣಿಗೇರಿಯ ಕಡೆ ಹೊರಟರೆ ಮರ ಕಡಿಮೆಯಾಗಿ ಎರಿ ಹೊಲ ಕಣ್ಣು ಮುಟ್ಟುವವರೆಗೆ ಹರಡುತ್ತದೆ. ಗದಗ ಮುಟ್ಟುವ ಹೊತ್ತಿಗೆ ಮಳೆ ಇನ್ನಷ್ಟು ತೆಳು. ಹಾವೇರಿ ಜಿಲ್ಲೆಯಲ್ಲೂ ಹೀಗೆಯೇ: ಪಶ್ಚಿಮದ ಹಾನಗಲ್ಲಿನಲ್ಲಿ ಭತ್ತ, ಪೂರ್ವದ ರಾಣೆಬೆನ್ನೂರಿನ ಹುಲ್ಲುಗಾವಲಲ್ಲಿ ಕೃಷ್ಣಮೃಗ. ಒಂದೇ ಋತು, ಒಂದೇ ಗಾಳಿ. ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿಯಲ್ಲಿ ಬೆಳೆಯೇ ಬೇರೆ. ಮಳೆ ಕೊಡದಿದ್ದರೂ ಗದಗಿಗೆ ಆ ಗಾಳಿ ಬೇರೊಂದನ್ನು ಕೊಡುತ್ತದೆ. ಕಪ್ಪತಗುಡ್ಡದ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳು ರಭಸದಿಂದ ತಿರುಗುವುದು ಇದೇ ಮುಂಗಾರಿನ ತಿಂಗಳುಗಳಲ್ಲಿ.

ಸೆಪ್ಟೆಂಬರ್ 22–23ಕ್ಕೆ ಸೂರ್ಯ ಮತ್ತೆ ಭೂಮಧ್ಯರೇಖೆಯ ಮೇಲೆ. ನೆಲ ತಣಿಯತೊಡಗುತ್ತದೆ, ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ, ಅಕ್ಟೋಬರಿನಲ್ಲಿ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ. ಬಂಗಾಳಕೊಲ್ಲಿಯ ತೇವ ಹೊತ್ತ ಈ ಗಾಳಿ ತಮಿಳುನಾಡಿಗೆ ಕೊಡುವಷ್ಟನ್ನು ನಮಗೆ ಕೊಡುವುದಿಲ್ಲ. ಆದರೆ ಹೋಗುವ ಮುಂಗಾರಿನ ಕೊನೆಯ ಮಳೆ, ಬರುವ ಹಿಂಗಾರಿನ ಒಂದೆರಡು ಮಳೆ ಸೇರಿ ಎರಿ ಮಣ್ಣನ್ನು ತೋಯಿಸಿದರೆ ಸಾಕು. ಆ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿ. ಮುಂದೆ ಹನಿ ಮಳೆ ಬೀಳದಿದ್ದರೂ ಬಿಳಿಜೋಳ, ಕಡಲೆ, ಕುಸುಬೆ ಆ ತೇವದ ಮೇಲೆ ಮತ್ತು ಚಳಿಗಾಲದ ಇಬ್ಬನಿಯ ತಂಪಿನಲ್ಲಿ ಬೆಳೆದು ನಿಲ್ಲುತ್ತವೆ. ಎಳ್ಳಮವಾಸಿಗೆ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗಿ ಚರಗ ಚೆಲ್ಲುವಾಗ ಸುತ್ತ ಕಾಣುವ ಹಸಿರೆಲ್ಲ ಎರಡು ತಿಂಗಳ ಹಿಂದೆ ಮಣ್ಣಿನೊಳಗೆ ಇಳಿದ ನೀರು. ಜೂನ್‌ನಲ್ಲಿ ಹೆಸರು, ಶೇಂಗಾ, ಗೋವಿನಜೋಳ, ಅಕ್ಟೋಬರಿನಲ್ಲಿ ಜೋಳ, ಕಡಲೆ. ಹೀಗೆ ಎರಡು ಹಂಗಾಮು ನಮಗೆ ದಕ್ಕಿರುವುದು ಸೂರ್ಯನ ಈ ಹೋಗಿಬರುವ ದಾರಿಯಿಂದ. ಅಚ್ಚು ನೆಟ್ಟಗಿದ್ದಿದ್ದರೆ ನಮ್ಮ ಒನಕೆಯ ನೆರಳು ವರ್ಷವಿಡೀ ಹದಿನಾರೂವರೆ ಇಂಚು, ಹಗಲು ಎಂದೆಂದೂ ಸುಮಾರು ಹನ್ನೆರಡು ತಾಸು. ಮಳೆಪಟ್ಟಿ ಭೂಮಧ್ಯರೇಖೆಯ ಸುತ್ತಲೇ ಉಳಿಯುತ್ತಿತ್ತು.

ಚಳಿಗಾಲದ ಥಂಡಿಗೂ ಬರೀ ಓರೆ ಬಿಸಿಲು ಕಾರಣವಲ್ಲ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಜನವರಿಯಲ್ಲಿ ಆಕಾಶ ತಿಳಿ, ಗಾಳಿ ಒಣ. ಹಗಲು ನೆಲ ಹೀರಿದ ಶಾಖ ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಮೋಡವಿದ್ದರೆ ಅದೇ ಕೌದಿಯಾಗಿ ಶಾಖವನ್ನು ಹಿಡಿದಿಡುತ್ತಿತ್ತು. ಹೀಗಾಗಿ ಬೆಳಗಿನ ಜಾವ ಕೈ ಸೆಟೆಯುತ್ತದೆ, ಮಧ್ಯಾಹ್ನ ಅಂಗಿ ಬೆವರುತ್ತದೆ. ಆ ಒಣಹವೆಯೇ ಬ್ಯಾಡಗಿಯ ಮೆಣಸಿನಕಾಯಿಗೆ ಬೇಕಾದದ್ದು. ಕಣದಲ್ಲಿ ಹರಡಿದ ಕಾಯಿ ಮಳೆಯ ಭಯವಿಲ್ಲದೆ ಸುಕ್ಕುಗಟ್ಟಿ ಕೆಂಪೇರುತ್ತದೆ.

ಮಿರಗ ಸರಿಯುತ್ತಿದೆ

ನಮ್ಮ ರೈತರು ಇಂಗ್ಲಿಷ್ ತಿಂಗಳಲ್ಲಿ ಮಳೆ ಎಣಿಸುವುದಿಲ್ಲ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಾರೆ. “ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ” ಎನ್ನುತ್ತಾರೆ. “ಮಘಿ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು” ಎನ್ನುತ್ತಾರೆ. ಇದು ಕುರುಡುನಂಬಿಕೆ ಎಂದು ತಳ್ಳುವವರನ್ನು ನೋಡಿದ್ದೇನೆ. ಅವರು ಲೆಕ್ಕ ನೋಡಿಲ್ಲ. ಭೂಮಿ ಸುತ್ತುವುದರಿಂದ ಸೂರ್ಯ ವರ್ಷಕ್ಕೊಮ್ಮೆ ಆಕಾಶದ 27 ನಕ್ಷತ್ರಗಳ ಮುಂದೆ ಹಾದುಹೋದಂತೆ ಕಾಣುತ್ತಾನೆ. ಒಂದೊಂದರ ಪಾಲಿಗೆ ಹದಿಮೂರು ಹದಿನಾಲ್ಕು ದಿನ. ಸೂರ್ಯ ಮೃಗಶಿರದ ಪಾಲಿಗೆ ಬರುವ ದಿನವೇ ಮಿರಗ ಹೂಡುವುದು, ಪ್ರತಿವರ್ಷ ಜೂನ್ 7–8. ನಾಗರಪಂಚಮಿ, ಕಾರಹುಣ್ಣಿಮೆ ಚಂದ್ರನ ಲೆಕ್ಕದ್ದು, ವರ್ಷವರ್ಷ ಹಿಂದೆಮುಂದೆ ಆಗುತ್ತವೆ. ಮಿರಗ ಸೂರ್ಯನ ಲೆಕ್ಕದ್ದು, ಆದ್ದರಿಂದ ಕದಲುವುದಿಲ್ಲ. ಮುಂಗಾರು ಬರುವ ಹೊತ್ತಿಗೂ ಅದಕ್ಕೂ ತಾಳೆಯಾಗುವುದು ಆಕಸ್ಮಿಕವಲ್ಲ. ಎರಡರ ಹಿಂದೆಯೂ ಇರುವುದು ಭೂಮಿಯ ಒಂದೇ ಸುತ್ತು.

ಕದಲುವುದಿಲ್ಲ ಎಂದೆ. ಒಂದು ಜೀವಮಾನದಲ್ಲಿ ಅದು ನಿಜ. ಬುಗರಿಯನ್ನು ಇನ್ನೊಮ್ಮೆ ನೆನೆಯಿರಿ. ವಾಲಿ ತಿರುಗುವ ಬುಗರಿಯ ತಲೆ ತಾನೂ ನಿಧಾನವಾಗಿ ಒಂದು ಸುತ್ತು ಹಾಕುತ್ತದೆ. ಭೂಮಿಯ ಅಚ್ಚೂ ಹಾಗೆ ತಲೆಯಾಡಿಸುತ್ತಿದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಸೂರ್ಯ ಚಂದ್ರರು ಭೂಮಿಯ ಉಬ್ಬಿದ ನಡುವನ್ನು ಎಳೆಯುವುದೇ ಇದಕ್ಕೆ ಕಾರಣ. ಇದರಿಂದ ನಕ್ಷತ್ರದ ಪಂಚಾಂಗಕ್ಕೂ ಋತುಗಳಿಗೂ ನಡುವೆ 72 ವರ್ಷಕ್ಕೆ ಹತ್ತಿರಹತ್ತಿರ ಒಂದು ದಿನದ ಬಿರುಕು ಬೀಳುತ್ತದೆ. ಸಂಕ್ರಾಂತಿಯೇ ಇದಕ್ಕೆ ದೊಡ್ಡ ಸಾಕ್ಷಿ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳುಬೆಲ್ಲ ಹಂಚುವುದು ಜನವರಿ 14–15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬೀಳುತ್ತಿದ್ದವು.

ಇದನ್ನು ಹೇಳಿದ ಮೇಲೆ ಅಣ್ಣನ ಮಗಳು ಕೇಳಿದ ಪ್ರಶ್ನೆ ನಾನು ಎಣಿಸಿರದಿದ್ದದ್ದು: “ಹಂಗಾರ ಮಿರಗನೂ ಸರೀತಿರಬೇಕಲ್ಲ ಕಾಕಾ?”

ಹೌದು, ಸರಿಯುತ್ತಿದೆ. ಕೂತು ಲೆಕ್ಕ ಹಾಕಿದೆವು. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಅಲ್ಲಿಂದ ಇಲ್ಲಿಗೆ ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಸರಿಯಾಗಿ ಒಂದು ನಕ್ಷತ್ರದಷ್ಟು ಸರಿದಿದೆ. ಈಗ ವರ್ಷದ ಅತಿ ಉದ್ದದ ಹಗಲು ಆರಿದ್ರಾ ಹೂಡುವ ಹೊತ್ತಿಗೆ ಬೀಳುತ್ತದೆ. ಅತ್ತಿಮಬ್ಬೆಯ ಕಾಲದಲ್ಲಿ ಅದು ಪುನರ್ವಸು ಹೂಡುವ ಹೊತ್ತಿಗೆ ಬೀಳುತ್ತಿತ್ತು. ಮುಂಗಾರು ಆಗಲೂ ಋತುವಿನ ಇದೇ ಹೊತ್ತಿಗೆ ಬರುತ್ತಿತ್ತು ಎಂದಿಟ್ಟುಕೊಂಡರೆ, ಆ ಬಸದಿಯ ಕಲ್ಲು ಕಟೆಯುತ್ತಿದ್ದಾಗ ಲಕ್ಕುಂಡಿಯ ಎರಿ ಹೊಲದ ಮೇಲೆ ಮುಂಗಾರಿನ ಮೊದಲ ಮೋಡ ಕಟ್ಟಿದ ದಿನಗಳಲ್ಲಿ ಸೂರ್ಯ ಮೃಗಶಿರವನ್ನು ದಾಟಿಯಾಗಿತ್ತು. ಬೀಜದ ಚೀಲ ಬಿಚ್ಚಿಟ್ಟುಕೊಂಡು ಅಲ್ಲಿಯ ರೈತ ಕಾದಿದ್ದು ಮಿರಗಕ್ಕಲ್ಲ, ಆರಿದ್ರಾ ಮಳೆಗೆ.